ರುಖಿಯಮ್ಮನ ಕಿವಿಯಲ್ಲಿ ಹೇಳಿದವರು

ಪಾದೆಮಾರು, ವಿಟ್ಲ
12 ಜನವರಿ 1977

ಪ್ರಿಯ ರವೂಫನಿಗೆ ಎಸ್ತೇರ್ ಬಾಯಿಯ ಆಶೀರ್ವಾದಗಳು.

ಎಂದಿನಂತೆ ನಿನ್ನ ಉಮ್ಮ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ತಾನು ಸೌಖ್ಯ, ನೀನು ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು, ನಮಾಜು ತಪ್ಪಿಸಬೇಡ. ಇಷ್ಟು ಅವಳ ಮಾತು. ಹಸನಬ್ಬ ಮಾಮನ ಮಗಳಿಗೆ ಉಪ್ಪಿನಂಗಡಿಯ ಕಡೆಯಿಂದ ಸಂಬಂಧ ಬಂದಿದೆ, ಮಳೆಗಾಲಕ್ಕೆ ಮೊದಲೇ ನಿಕಾಹ್ ಆಗಬಹುದು ಎಂದೂ ಬರೆಯಬೇಕಂತೆ. ನೀನು ಬಟ್ಟೆ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಲೆಕ್ಕ ಬರೆಯುವ ಸಂಗತಿಯನ್ನು ಅವಳು ಮದ್ದಿಗೆ ಬಂದವರಿಗೆಲ್ಲ ಹೇಳುತ್ತಾಳೆ. ಕೇಳಿ ಕೇಳಿ ನನಗೇ ಬಾಯಿಪಾಠವಾಗಿದೆ.

ಇನ್ನು ನನ್ನ ಮಾತು. ಕೆಲವು ದಿನಗಳಿಂದ ಉಮ್ಮ ಈ ಮಿಶನ್ ಡಿಸ್ಪೆನ್ಸರಿಯ ಹಿಂದಿನ ಕೋಣೆಯಲ್ಲಿ ನನ್ನ ಜೊತೆ ಇದ್ದಾಳೆ. ನಿಮ್ಮ ಮನೆಯ ಮಾಡಿನ ಹಂಚು ಒಡೆದಿದೆ, ಸರಿಯಾಗುವವರೆಗೆ ಇಲ್ಲಿರಲಿ ಎಂದು ನಾನೇ ಹೇಳಿದೆ. ನಮ್ಮ ಯಜಮಾನರು ಯೋನಾ ಉಪದೇಶಿಗಳು ತೀರಿಕೊಂಡ ಮೇಲೆ ಈ ಗುಡ್ಡೆಯ ಮೇಲೆ ನಾನು ಒಬ್ಬಳೇ ತಾನೆ, ನನಗೂ ಜೊತೆಯಾಯಿತು. ಅವಳಿಗೆ ಸ್ವಲ್ಪ ಸೊಂಟನೋವು ಉಂಟು. ದಿನವಿಡೀ ಕುಳಿತು ಬೀಡಿ ಕಟ್ಟುವವರಿಗೆಲ್ಲ ಇರುವಂಥದ್ದೇ. ಚಿಂತೆ ಬೇಡ.

ಇತಿ,
ಎಸ್ತೇರ್ ಸಾಲಿನ್ಸ್


ದುಬೈ
3 ಫೆಬ್ರವರಿ 1977

ಪೂಜ್ಯ ಬಾಯಮ್ಮನವರಿಗೆ ರವೂಫನ ಸಲಾಂ. ಉಮ್ಮನಿಗೂ ನನ್ನ ಸಲಾಂ ಓದಿ ಹೇಳಿ.

ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ವ್ಯಾಪಾರ ಜೋರಾಗಿ ಉಂಟು, ಧಣಿ ಒಳ್ಳೆಯವರು. ಮದುವೆಗೆ ಸೀರೆ ಕಳಿಸುತ್ತೇನೆಂದು ಮಾಮನಿಗೆ ಹೇಳಿ.

ಇಲ್ಲಿಂದ ಮುಂದೆ ಬರೆದದ್ದನ್ನು ಉಮ್ಮನಿಗೆ ಓದಬೇಡಿ. ಹಂಚಿನ ವಿಷಯ ನನಗೆ ಅರ್ಥವಾಗಲಿಲ್ಲ. ಮಾಮ ಕಳೆದ ಬೇಸಿಗೆಯಲ್ಲಿ ಇಡೀ ಮಾಡು ಬಿಚ್ಚಿ ಹೊಸ ಹಂಚು ಹೊದೆಸಿದರೆಂದು ನೀವೇ ಬರೆದಿದ್ದಿರಿ. ಉಮ್ಮ ಸ್ವಂತ ಮನೆ ಬಿಟ್ಟು ಇನ್ನೊಂದು ಕಡೆ ಮಲಗುವವಳಲ್ಲ. ಬಾಪ ನಮ್ಮನ್ನು ಬಿಟ್ಟು ಆ ಐಸಮ್ಮನ ಜೊತೆ ಸಂಸಾರ ಹೂಡಿದಾಗ ಮಾಮ ಎಷ್ಟು ಕರೆದರೂ ಅವಳು ಹೋಗಲಿಲ್ಲ. ಗದ್ದೆಯ ಆಚೆ ಅವರ ಒಲೆಯ ಹೊಗೆ ಕಣ್ಣಿಗೆ ಕಾಣುತ್ತಿದ್ದರೂ ಇದ್ದಲ್ಲೇ ಇದ್ದಳು. ಬಾಪ ಸತ್ತಾಗಲೂ ಆ ಮನೆಯ ಅಂಗಳ ತುಳಿಯಲಿಲ್ಲ. ಅಂಥವಳು ಎರಡು ಹಂಚು ಒಡೆದದ್ದಕ್ಕೆ ನಿಮ್ಮಲ್ಲಿ ಬಂದು ಇದ್ದಾಳೆಂದರೆ ನನಗೆ ಹೆದರಿಕೆಯಾಗುತ್ತದೆ. ಸರಿಯಾಗಿ ತಿಳಿಸಿ.

ನಿಮ್ಮ ರವೂಫ್


ಪಾದೆಮಾರು
20 ಫೆಬ್ರವರಿ 1977

ಪ್ರಿಯ ರವೂಫ್,

ನಿನ್ನ ಕಾಗದ ತಲುಪಿತು. ಸೀರೆಯ ವಿಷಯ ಕೇಳಿ ಉಮ್ಮನಿಗೆ ಬಹಳ ಸಂತೋಷವಾಯಿತು.

ಹಂಚಿನ ಬಗ್ಗೆ ಬರೆಯುವಾಗ ನನಗೇ ಏನೋ ಗೊಂದಲವಾಗಿರಬೇಕು. ಅವಳಿಗೆ ರಕ್ತ ಸ್ವಲ್ಪ ಕಡಿಮೆಯಾಗಿತ್ತು. ಮಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಟಾನಿಕ್ ಮತ್ತು ಮಾತ್ರೆ ಕೊಟ್ಟಿದ್ದಾರೆ. ಹೊತ್ತು ಹೊತ್ತಿಗೆ ಕೊಡುವವರು ಬೇಕಲ್ಲ, ಅದಕ್ಕೆ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಮನೆಗೆ ಕಳಿಸಿದರೆ ಮಾತ್ರೆ ಬದಿಗಿಟ್ಟು ಎಲೆ, ಹೊಗೆಸೊಪ್ಪಿನ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕೂರುತ್ತಾಳೆ, ನಿನಗೆ ಗೊತ್ತುಂಟು. ಹೆದರುವಂಥದ್ದು ಏನೂ ಇಲ್ಲ. ನೀನು ನಿನ್ನ ಕೆಲಸ ನೋಡಿಕೋ.

ಇತಿ,
ಎಸ್ತೇರ್


ದುಬೈ
14 ಮಾರ್ಚ್ 1977

ಎಸ್ತೇರ್ ಸಾಲಿನ್ಸ್ ಅವರಿಗೆ,

ವಿಟ್ಲದ ಇದಿನಬ್ಬ ಊರಿನಿಂದ ಬಂದವರು ನಮ್ಮ ರೂಮಿನಲ್ಲೇ ಇಳಿದಿದ್ದಾರೆ. ಊಟಕ್ಕೆ ಕುಳಿತಾಗ ಎಲ್ಲರೆದುರು ಕೇಳಿದರು. "ಏನು ಮಾರಾಯ, ನಿನ್ನ ಉಮ್ಮ ಪಾದ್ರಿಯವರ ಬಂಗ್ಲೆಯಲ್ಲೇ ಇದ್ದಾರಂತಲ್ಲ? ಮೈಯಲ್ಲಿ ಬಲ ಇಲ್ಲದವರ ಮುಂದೆ ಅವರ ಪುಸ್ತಕ ಓದಿದ್ರೆ ಪಾಪ, ಬೇಡ ಅಂತ ಹೇಳ್ಲಿಕ್ಕಾದ್ರೂ ಆಗ್ತದಾ?" ಇಬ್ಬರು ಅರ್ಧಕ್ಕೇ ಎದ್ದು ಕೈ ತೊಳೆಯಲು ಹೋದರು.

ನನಗೆ ನೀವು ಮಾಡಿದ ಉಪಕಾರ ಮರೆತಿಲ್ಲ. ಸಣ್ಣವನಿರುವಾಗ ನನ್ನ ಕಜ್ಜಿಗೆ ಮದ್ದು ಹಚ್ಚಿದವರು ನೀವು. ಆದರೆ ನೀವೂ ಉಪದೇಶಿಗಳೂ ಪಾದೆಮಾರಿಗೆ ಯಾಕೆ ಬಂದದ್ದೆಂದು ಇಡೀ ಊರಿಗೆ ಗೊತ್ತುಂಟು. ಇಪ್ಪತ್ತು ವರ್ಷದಲ್ಲಿ ನಮ್ಮವರು ಒಬ್ಬರೂ ನಿಮ್ಮ ಕಡೆ ಬರಲಿಲ್ಲ. ಈಗ ಕೊನೆಗೆ ಸಿಕ್ಕಿದ್ದು ನನ್ನ ಉಮ್ಮನೇ?

ಎರಡು ಪ್ರಶ್ನೆ ಕೇಳುತ್ತೇನೆ. ಅವಳಿಗೆ ಇರುವ ಕಾಯಿಲೆ ಯಾವುದು? ನೀವು ಅವಳ ಮುಂದೆ ನಿಮ್ಮ ಪ್ರಾರ್ಥನೆ ಓದುತ್ತೀರಾ? ಟಾನಿಕ್ಕಿನ ಕತೆ ಬೇಡ.

ಅಬ್ದುಲ್ ರವೂಫ್


ಪಾದೆಮಾರು
2 ಏಪ್ರಿಲ್ 1977

ರವೂಫ್,

ಎರಡಕ್ಕೂ ಉತ್ತರ ಬರೆಯುತ್ತೇನೆ.

ಉಮ್ಮನಿಗೆ ಗರ್ಭಕೋಶದ ಕ್ಯಾನ್ಸರ್. ನವೆಂಬರಿನಲ್ಲೇ ಗೊತ್ತಾಯಿತು. ಆಗಲೇ ಹೊತ್ತು ಮೀರಿತ್ತು, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು. ನೋವು ಎದ್ದಾಗ ಇಂಜೆಕ್ಷನ್ ಕೊಡಬೇಕಾಗುತ್ತದೆ, ಅದಕ್ಕಾಗಿ ಇಲ್ಲಿ ಇಟ್ಟುಕೊಂಡಿದ್ದೇನೆ. ಹಸನಬ್ಬ ಮಾಮನಿಗೆ ಎಲ್ಲ ಗೊತ್ತುಂಟು. ಅವರ ಮನೆಯವರು ಸರದಿಯ ಮೇಲೆ ಬಂದು ಕೂರುತ್ತಾರೆ. ನಿನಗೆ ತಿಳಿಸಬಾರದೆಂದು ಅವಳು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. "ಅವನು ಕೆಲಸ ಬಿಟ್ಟು ಓಡಿ ಬರ್ತಾನೆ ಬಾಯಮ್ಮ. ಬಂದು ಮಾಡುವುದೇನು? ನನ್ನ ಮುಖ ನೋಡಿಕೊಂಡು ಕೂರುವುದಾ?" ಎಂದಳು. ಇವತ್ತು ಆ ಮಾತು ಮುರಿದಿದ್ದೇನೆ. ಪಕ್ಕದ ಕೋಣೆಯಿಂದ ಈಗಷ್ಟೆ ಕೇಳಿದಳು, ಇಷ್ಟು ಉದ್ದದ ಕಾಗದ ಯಾರಿಗೆ ಎಂದು. ಮಿಶನಿಗೆ ಎಂದು ಹೇಳಿದೆ.

ಇನ್ನು ಎರಡನೆಯದು. ಓದಿಲ್ಲ. ಓದಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದರೆ, ಉಂಟು. ನಾವು ಪಾದೆಮಾರಿಗೆ ಬಂದದ್ದು ಅದಕ್ಕೇ, ಅದನ್ನು ನಾನು ಯಾವತ್ತೂ ಮುಚ್ಚಿಟ್ಟವಳಲ್ಲ. ಅವಳು ನರಳುವಾಗ ನನಗೆ ಗೊತ್ತಿರುವ ಸಮಾಧಾನ ಒಂದೇ. ಅದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಸುಮ್ಮನೆ ಅವಳ ಕಾಲು ಒತ್ತುತ್ತೇನೆ. ಎದ್ದು ಹೋಗಲಾಗದವರ ಮುಂದೆ ಕುಳಿತು ಉಪದೇಶ ಮಾಡುವಷ್ಟು ಕೆಳಗೆ ನಾನು ಇಳಿದಿಲ್ಲ. ಇದಿನಬ್ಬನಿಗೆ ಹಾಗೆಯೇ ಹೇಳು.

ಈಗ ನಾನು ಕೇಳುತ್ತೇನೆ. ಊರು ಬಿಟ್ಟು ನಾಲ್ಕು ವರ್ಷವಾಯಿತು, ಒಂದು ಸಲವೂ ಬರಲಿಲ್ಲ. ಕಾಯಿಲೆ ಉಂಟೆಂದು ಸಂಶಯ ಬಂದ ಮೇಲೂ ಕಾಗದದಲ್ಲೇ ಪ್ರಶ್ನೆ ಕೇಳುತ್ತೀಯೇ ಹೊರತು ಬರುತ್ತೇನೆಂದು ಒಂದು ಸಾಲು ಬರೆಯಲಿಲ್ಲ. ನಿನ್ನ ಧಣಿಯ ಬಟ್ಟೆ ಅಂಗಡಿ ಉಮ್ಮನಿಗಿಂತ ದೊಡ್ಡದಾಯಿತೇ? ಕೂಡಲೇ ಹೊರಟು ಬಾ. ಮಳೆಗಾಲದವರೆಗೆ ಇರುತ್ತಾಳೆಂದು ನನಗೆ ಧೈರ್ಯವಿಲ್ಲ.

ಎಸ್ತೇರ್


ದುಬೈ
21 ಏಪ್ರಿಲ್ 1977

ಬಾಯಮ್ಮನವರಿಗೆ,

ನಾನು ಯಾವ ಅಂಗಡಿಯಲ್ಲೂ ಇಲ್ಲ. ಬೊಂಬಾಯಿಯಿಂದ ಲಾಂಚಿನಲ್ಲಿ ಕದ್ದು ಬಂದವನು ನಾನು. ಪಾಸ್‌ಪೋರ್ಟು ಇಲ್ಲ, ವೀಸಾ ಇಲ್ಲ. ದಡ ಮುಟ್ಟುವ ಮೊದಲೇ ಇಳಿಸಿದರು, ಎದೆಮಟ್ಟದ ನೀರಿನಲ್ಲಿ ನಡೆದು ಬಂದೆವು. ದಕ್ಕೆಯಲ್ಲಿ ಹಡಗಿನಿಂದ ಮೂಟೆ ಇಳಿಸುವುದು ನನ್ನ ಕೆಲಸ. ಪೊಲೀಸರ ಗಾಡಿ ಕಂಡರೆ ಮೂಟೆಗಳ ಹಿಂದೆ ಕೂರುತ್ತೇವೆ. ಫ್ಯಾನು, ಲೆಕ್ಕ, ಧಣಿ ಎಲ್ಲ ಉಮ್ಮನಿಗಾಗಿ ಬರೆದದ್ದು.

ನಿಮ್ಮ ಕಾಗದ ಬಂದ ದಿನವೇ ಠಾಣೆಯ ಗೇಟಿನವರೆಗೆ ಹೋದೆ. ತಾನಾಗಿ ಹೋಗಿ ಒಪ್ಪಿಕೊಂಡರೆ ಊರಿಗೆ ಕಳಿಸುತ್ತಾರೆ ಎನ್ನುತ್ತಾರೆ. ಆದರೆ ಮೊದಲು ಜೈಲು, ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ಒಳಗೆ ಹಾಕಿದರೆ ನಿಮ್ಮ ಕಾಗದವೂ ನನಗೆ ಸಿಗುವುದಿಲ್ಲ, ಉಮ್ಮ ಇದ್ದಾಳೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಹಾಗೆಂದು ಹಿಂದೆ ಬಂದೆ. ಮರುದಿನ ಮತ್ತೆ ಹೋದೆ, ಮತ್ತೆ ಹಿಂದೆ ಬಂದೆ. ಈಗ ಒಬ್ಬ ಏಜೆಂಟನನ್ನು ಹಿಡಿದಿದ್ದೇನೆ. ಇವತ್ತು ನಾಳೆ ಎನ್ನುತ್ತಾನೆ.

ಉಮ್ಮನಿಗೆ ಇದು ಯಾವುದೂ ತಿಳಿಯಬಾರದು. ಅವಳಿಗೆ ನಾನು ಫ್ಯಾನಿನ ಕೆಳಗೇ ಇರಲಿ.

ಬಾಯಮ್ಮ, ನಾನು ಬರುವಷ್ಟರಲ್ಲಿ ಏನಾದರೂ ಆದರೆ ಎರಡು ಮಾತು ನಡೆಸಿಕೊಡಿ. ಪ್ರಾಣ ಹೋಗುವಾಗ ನಮ್ಮಲ್ಲಿ ಕಿವಿಯಲ್ಲಿ ಕಲಿಮ ಹೇಳಬೇಕು. ಅಲ್ಲಾಹನಲ್ಲದೆ ಬೇರೆ ದೇವರಿಲ್ಲ, ಮುಹಮ್ಮದರು ಅವನ ದೂತರು ಎಂಬ ಮಾತು ಅದು. ಕೇಳಿಸಿಕೊಂಡು ಹೋಗುವವರು ತಾವೂ ಅದನ್ನು ಹೇಳಿಕೊಂಡು ಹೋಗಬೇಕು. ಮಗನಾಗಿ ನಾನು ಹೇಳಬೇಕಾಗಿದ್ದದ್ದು. ಮಾಮನ ಮನೆಯವರು ಯಾರಾದರೂ ಹೇಳಲಿ. ನಿಮ್ಮ ಪ್ರಾರ್ಥನೆ ಆ ಹೊತ್ತಿನಲ್ಲಿ ಬೇಡ.

ಇನ್ನೊಂದು, ಆ ಐಸಮ್ಮನನ್ನು ಬಾಗಿಲೊಳಗೆ ಬಿಡಬೇಡಿ. ಉಮ್ಮ ಅವಳ ಮುಖ ನೋಡಿಕೊಂಡು ಹೋಗಬಾರದು.

ರವೂಫ್


ಪಾದೆಮಾರು
17 ಮೇ 1977

ಪ್ರಿಯ ಮಗು ರವೂಫನಿಗೆ,

ನಿನ್ನ ಉಮ್ಮ ಮೊನ್ನೆ ಭಾನುವಾರ ಮಧ್ಯಾಹ್ನದ ಮೇಲೆ ತೀರಿಕೊಂಡಳು. ಮರುದಿನ ಬೆಳಿಗ್ಗೆ ನಿಮ್ಮ ಪಳ್ಳಿಯಲ್ಲಿ ನಮಾಜು ಮಾಡಿ ಅಲ್ಲೇ ಹತ್ತಿರ ಮಣ್ಣು ಮಾಡಿದರು. ಹಸನಬ್ಬ ಮಾಮ ಎಲ್ಲವನ್ನೂ ಕ್ರಮಪ್ರಕಾರ ಮಾಡಿಸಿದ್ದಾರೆ, ಏನೂ ಕಡಿಮೆಯಾಗಿಲ್ಲ.

ಕಿವಿಯಲ್ಲಿ ಕಲಿಮ ಹೇಳಿದ್ದಾಗಿದೆ. ಅವಳು ಪ್ರಶಾಂತವಾಗಿ ಹೋದಳು. ನೀನು ಆ ಬಗ್ಗೆ ಸಮಾಧಾನದಿಂದ ಇರಬೇಕು.

ನಿನ್ನನ್ನು ಅಂಗಡಿಯ ಮಾತೆತ್ತಿ ನೋಯಿಸಿದ್ದಕ್ಕೆ ಕ್ಷಮಿಸು. ನಿನ್ನ ಗುಟ್ಟನ್ನು ಅವಳಿಗೆ ಹೇಳಲಿಲ್ಲ. ಈಗ ಹೊರಟು ಬರುವ ಅಪಾಯಕ್ಕೆ ಕೈ ಹಾಕಬೇಡ.

ಎಸ್ತೇರ್


ದುಬೈ
9 ಜುಲೈ 1977

ಬಾಯಮ್ಮನವರಿಗೆ,

ನಿಮ್ಮ ಕಾಗದ ಮೇ ತಿಂಗಳ ಕೊನೆಗೇ ಬಂದಿತ್ತು. ಬರೆಯಲಿಕ್ಕೆ ಕೈ ಬರಲಿಲ್ಲ.

ಜೂನಿನಲ್ಲಿ ಮಾಮನ ಕಾಗದ ಬಂತು. ಭಾನುವಾರ ಅವರ ಮಗಳ ನಿಕಾಹ್ ಇತ್ತು, ಮನೆಯವರೆಲ್ಲ ಉಪ್ಪಿನಂಗಡಿಗೆ ಹೋಗಿದ್ದೆವು, ಉಮ್ಮನೇ ಹಟ ಮಾಡಿ ಕಳಿಸಿದಳು, ಹಿಂದೆ ಬರುವಾಗ ಆಗಿ ಹೋಗಿತ್ತು ಎಂದು ಅತ್ತುಕೊಂಡು ಬರೆದಿದ್ದಾರೆ. ಬಾಯಮ್ಮ ಒಬ್ಬರೇ ಇದ್ದರು ಎಂದೂ ಬರೆದಿದ್ದಾರೆ.

ಹಾಗಾದರೆ ಕಿವಿಯಲ್ಲಿ ಹೇಳಿದ್ದು ಯಾರು? ನೀವೇ ಹೇಳಿದಿರಾ? ಯಾರೂ ಹೇಳದೆ, ನನ್ನ ಸಮಾಧಾನಕ್ಕೆ ಹಾಗೆ ಬರೆದಿರಾ? ಇಲ್ಲ, ಅವಳ ಕಿವಿಯಲ್ಲಿ ನಿಮ್ಮದನ್ನು ಹೇಳಿದಿರಾ? ಮೂಟೆ ಹೊರುವಾಗಲೂ ಇದೇ ತಲೆಯಲ್ಲಿ ತಿರುಗುತ್ತದೆ. ಒಮ್ಮೆ ಹಲಗೆಯಿಂದ ಕಾಲು ಜಾರಿ ನೀರಿಗೆ ಬಿದ್ದೆ.

ನನಗೆ ಇನ್ನೂ ಅಳು ಬಂದಿಲ್ಲ. ಉಮ್ಮ ಸತ್ತರೆ ಅಳು ಬಾರದ ಮಗ ಇರುತ್ತಾನಾ ಎಂದು ರೂಮಿನವರು ನೋಡುತ್ತಾರೆ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ.

ರವೂಫ್


ಪಾದೆಮಾರು
2 ಆಗಸ್ಟ್ 1977

ಪ್ರಿಯ ರವೂಫ್,

ನಡೆದ ಹಾಗೆ ಬರೆಯುತ್ತೇನೆ. ಓದಿ ನಿನಗೆ ಸಿಟ್ಟು ಬಂದರೆ ಅದು ನನ್ನ ಮೇಲೆ ಇರಲಿ.

ಆ ದಿನ ಬೆಳಿಗ್ಗೆ ಉಮ್ಮ ಚೆನ್ನಾಗಿಯೇ ಇದ್ದಳು. ಗಂಜಿ ಕುಡಿದಳು. ಮದುಮಗಳು ಬಂದು ಸೀರೆ ತೋರಿಸಿ ಹೋದಳು. ನೀನು ಕಳಿಸಿದ ಸೀರೆಯೇ, ಬಣ್ಣ ಚೆನ್ನಾಗಿ ಉಂಟು ಎಂದಳು ಉಮ್ಮ. ಊಟದ ಹೊತ್ತು ಕಳೆದ ಮೇಲೆ ಒಮ್ಮೆಲೇ ಉಸಿರು ಬದಲಾಯಿತು. ನಾನು ಎಷ್ಟೋ ಸಾವು ಕಂಡವಳು, ಗೊತ್ತಾಯಿತು.

ಅದಕ್ಕೆ ವಾರದ ಹಿಂದೆ ಅವಳು ನನ್ನಲ್ಲಿ ಕೇಳಿದ್ದಳು, "ನಮ್ಮವರು ಯಾರೂ ಇಲ್ಲದಿದ್ರೆ ನೀವೇ ಹೇಳಿ ಬಾಯಮ್ಮ, ನಿಮಗೆ ಕಲಿಮ ಬರ್ತದಲ್ಲ." ಯಾರಾದರೂ ಇದ್ದೇ ಇರುತ್ತಾರೆ ಎಂದು ನಾನು ಮಾತು ಹಾರಿಸಿದ್ದೆ.

ನನಗೆ ಬರುತ್ತದೆ. ಇಪ್ಪತ್ತು ವರ್ಷ ದಿನಾ ಪಳ್ಳಿಯಿಂದ ಅದೇ ಮಾತಿನ ಬಾಂಗ್ ಕೂಗುವುದನ್ನು ಕೇಳಿದವಳಿಗೆ ಬಾರದೆ ಇರುತ್ತದೆಯೇ? ಅವಳ ಕಿವಿಯ ಹತ್ತಿರ ಬಗ್ಗಿದೆ ಕೂಡ. ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಂಬದೆ ಹೇಳಿದರೆ ಅವಳಿಗೆ ಮೋಸ, ನಂಬಿ ಹೇಳಿದರೆ ನಾನು ನಾನಲ್ಲ. ನನ್ನದೇ ಪ್ರಾರ್ಥನೆಯೂ ಬಾಯಿಗೆ ಬಂತು. ಅದನ್ನೂ ತಡೆದೆ. ಮನಸ್ಸಿನೊಳಗೆ ಪ್ರಾರ್ಥಿಸಿದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಗಟ್ಟಿಯಾಗಿ ಒಂದಕ್ಷರ ಹೇಳಲಿಲ್ಲ. ನಮ್ಮ ಉಪದೇಶಿಗಳು ಸಾಯುವ ದಿನ ಬೆಳ್ತಂಗಡಿಯಿಂದ ಪಾದ್ರಿಗಳು ಬರುವುದು ತಡವಾಗಿ ನಾನೇ ಕೀರ್ತನೆ ಓದಬೇಕಾಯಿತು. ಆಗ ನಿನ್ನ ಉಮ್ಮ ರುಖಿಯಮ್ಮ ಎದ್ದು ಜಗಲಿಗೆ ಹೋದಳು. "ನಿಮ್ಮದು ನೀವು ಓದಿ. ನಾನು ಇಲ್ಲೇ ಹೊರಗೆ ಇದ್ದೇನೆ" ಎಂದಳು. ಓದಿ ಮುಗಿಯುವವರೆಗೆ ಅಲ್ಲಿಂದ ಅಲುಗಲಿಲ್ಲ. ಅಷ್ಟನ್ನಾದರೂ ನಾನು ಅವಳಿಗೆ ಮಾಡಬೇಡವೇ?

ಈ ಗುಡ್ಡೆಗೆ ಹತ್ತಿರ ಇರುವುದು ಒಂದೇ ಮನೆ, ಯಾರದೆಂದು ನಿನಗೆ ಗೊತ್ತುಂಟು. ನೀನು ಬೇಡವೆಂದು ಬರೆದದ್ದು ನೆನಪಿತ್ತು. ನೆನಪಿದ್ದೇ ಓಡಿದೆ. ಉಮ್ಮನನ್ನು ಒಬ್ಬಳೇ ಬಿಟ್ಟು ಓಡಿದೆ. ಹಿಂದೆ ಬರುವಷ್ಟರಲ್ಲಿ ಉಸಿರು ನಿಂತಿದ್ದರೆ ನಿನಗೆ ಏನೆಂದು ಬರೆಯುತ್ತಿದ್ದೆನೋ.

ಐಸಮ್ಮ ಅಂಗಳದಲ್ಲಿ ಕುಳಿತು ಬಂಗುಡೆ ಕೊಯ್ಯುತ್ತಿದ್ದಳು. ವಿಷಯ ಹೇಳಿದೆ.

"ನನ್ನನ್ನು ಕರೀಲಿಕ್ಕೆ ಅವಳು ಹೇಳಿದಳಾ?" ಎಂದು ಕೇಳಿದಳು.

"ಇಲ್ಲ," ಎಂದೆ. "ಬೇರೆ ಯಾರೂ ಇಲ್ಲ."

ಅವಳು ಮೀನಿನ ಮೇಲೆ ಬುಟ್ಟಿ ಕವುಚಿದಳು. ಆಮೇಲೆ ಎದ್ದು ಬಾವಿಕಟ್ಟೆಗೆ ಹೋಗಿ ಕೈ ಉಜ್ಜಿ ಉಜ್ಜಿ ತೊಳೆದಳು, ನಮಾಜಿಗೆ ಮೊದಲು ಮಾಡುವ ಹಾಗೆ ಮುಖ ಕಾಲು ತೊಳೆದು ವುಳು ಮಾಡಿದಳು, ಒಳಗೆ ಹೋಗಿ ಒಗೆದ ಬಟ್ಟೆ ತಲೆಗೆ ಹಾಕಿ ಬಂದಳು. ಬೇಗ ಬಾ ಎಂದು ನಾನು ಬೇಡಿಕೊಂಡೆ. "ಮೀನಿನ ಕೈಯಲ್ಲಿ ಅವಳ ಹತ್ತಿರ ಹೋಗ್ಲಿಕ್ಕೆ ಆಗ್ತದಾ ಬಾಯಮ್ಮ?" ಎಂದಳು.

ಉಸಿರು ಇತ್ತು. ಐಸಮ್ಮ ಮಂಚದ ಹತ್ತಿರ ಬಗ್ಗಿ "ರುಖಿಯಾ" ಎಂದಳು. ಉಮ್ಮ ಕಣ್ಣು ತೆರೆದಳು. ನೋಡಿದಳು. ಯಾರೆಂದು ಅವಳಿಗೆ ಗೊತ್ತಾಯಿತು, ಅದರಲ್ಲಿ ಸಂಶಯವಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅಷ್ಟು ಬಲ ಎಲ್ಲಿಂದ ಬಂತೋ ನಾನರಿಯೆ.

ಇಂಥ ಗಳಿಗೆಯಲ್ಲಿ ಅವಳಿಗೆ ಇದನ್ನು ತಂದಿಟ್ಟವಳು ನಾನು. "ಬೇಡ ಐಸಮ್ಮ, ಬಾ," ಎಂದೆ.

"ಗೋಡೆ ಕಡೆ ತಿರುಗಿದ್ರೆ ಗೋಡೆ ಕಡೆಯಿಂದ ಬರ್ತೇನೆ," ಎಂದಳು ಅವಳು. "ಮಂಚ ಹಿಡೀರಿ."

ಇಬ್ಬರೂ ಮಂಚ ಎಳೆದೆವು. ಆ ಸಂದಿಯಲ್ಲಿ ಅವಳು ಮೊಣಕಾಲೂರಿ ಕುಳಿತು, ಉಮ್ಮನ ಕಿವಿಗೆ ಬಾಯಿಟ್ಟು, ಮಕ್ಕಳಿಗೆ ಕಲಿಸುವ ಹಾಗೆ ನಿಧಾನವಾಗಿ ಕಲಿಮ ಹೇಳಿದಳು. ಉಮ್ಮನ ತುಟಿ ಅಲುಗಿತು. ನಾನು ಹತ್ತಿರ ಬಗ್ಗಿದೆ. ಅದು ಕಲಿಮ ಅಲ್ಲ ರವೂಫ್, ಬೈಗುಳ. ಐಸಮ್ಮನಿಗೂ ಕೇಳಿಸಿತು.

"ಬೈಯಲಿ," ಎಂದಳು. "ಬೈಯುವಷ್ಟು ಬಾಯಿ ಉಂಟಲ್ಲ, ಆ ಬಾಯಿಯಲ್ಲೇ ಹೇಳಿಸುವ."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಸ್ವರ ಮಾತ್ರ ಒಡೆಯಲಿಲ್ಲ. ಹೇಳಿದಳು, ಮತ್ತೆ ಹೇಳಿದಳು. ಉಮ್ಮನ ತುಟಿ ಇನ್ನೊಮ್ಮೆ ಅಲುಗಿತು. ಆಮೇಲೆ ಉಸಿರು ನಿಂತಿತು. ಎರಡನೆಯ ಸಲ ಅಲುಗಿದಾಗ ಅವಳು ಹೇಳಿದ್ದು ಏನೆಂದು ನನಗೆ ಗೊತ್ತಿಲ್ಲ. ಕಲಿಮವನ್ನೇ ಹೇಳಿದಳೆಂದು ಐಸಮ್ಮ ಹೇಳುತ್ತಾಳೆ. ನನ್ನ ಕಿವಿಗೆ ಬೀಳದ್ದನ್ನು ನಾನು ಬರೆಯಲಾರೆ.

ಕಣ್ಣು ಮುಚ್ಚಿದವಳು, ಗಲ್ಲಕ್ಕೆ ಬಟ್ಟೆ ಕಟ್ಟಿದವಳು ಐಸಮ್ಮನೇ. ಮದುವೆಯವರ ವ್ಯಾನು ಗುಡ್ಡೆ ಹತ್ತುವ ಶಬ್ದ ಕೇಳುವವರೆಗೆ ಕುಳಿತಿದ್ದಳು. ಆಮೇಲೆ ಅಡುಗೆಕೋಣೆಯ ಬಾಗಿಲಿನಿಂದ ಹೋದಳು. "ನಾನು ಬಂದದ್ದು ಹೇಳ್ಬೇಡಿ. ಹುಡುಗ ದೂರದಲ್ಲಿದ್ದಾನೆ, ಅವನಿಗೆ ಇದೊಂದು ಬೇರೆ ಯಾಕೆ?" ಎಂದಳು. ಅದಕ್ಕೆ ಮಾಮನಿಗೂ ಹೇಳಲಿಲ್ಲ. ನಿನಗೂ ಪ್ರಶಾಂತವಾಗಿ ಎಂದು ಬರೆದೆ.

ನನ್ನಿಂದ ಆದದ್ದು ಇಷ್ಟು. ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ನಾನೂ ನಿದ್ದೆಗೆಟ್ಟಿದ್ದೇನೆ.

ಎಸ್ತೇರ್


ದುಬೈ
10 ಅಕ್ಟೋಬರ್ 1977

ಬಾಯಮ್ಮನವರಿಗೆ ರವೂಫನ ಸಲಾಂ.

ನಿಮ್ಮ ಕಾಗದವನ್ನು ದಕ್ಕೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕುಳಿತು ಓದಿದೆ. ಉಮ್ಮ ಬೈದಳು ಎಂಬಲ್ಲಿಗೆ ಬಂದಾಗ ನನಗೆ ನಗು ಬಂತು. ಪಕ್ಕದಲ್ಲಿದ್ದವರು ಏನು ಏನು ಎಂದು ಕೇಳಿದರು. ಹೇಳಲು ಬಾಯಿ ತೆರೆದವನು ಅಳಲು ಶುರು ಮಾಡಿದೆ. ಆ ದಿನ ಕೆಲಸ ಮಾಡಲಾಗಲಿಲ್ಲ. ಇದಿನಬ್ಬರೇ ನನ್ನನ್ನು ರೂಮಿಗೆ ಕರೆದುಕೊಂಡು ಹೋದರು.

ಮೇ ತಿಂಗಳ ಕಾಗದ ಓದಿದಾಗ ಬೇರೆ ಯಾರದೋ ಉಮ್ಮ ತೀರಿಕೊಂಡ ಹಾಗೆ ಅನಿಸಿತ್ತು. ನನ್ನ ಉಮ್ಮ ಹಾಗೆಲ್ಲ ಪ್ರಶಾಂತವಾಗಿ ಹೋಗುವವಳಲ್ಲ. ಈ ಕಾಗದದಲ್ಲಿ ಹೋದದ್ದು ನನ್ನ ಉಮ್ಮ.

ನನಗೆ ಸಿಟ್ಟು ಹೋಗಿಲ್ಲ. ಬೇಡವೆಂದು ಹೇಳಿದ್ದನ್ನೇ ನೀವು ಮಾಡಿದಿರಿ. ಕೆಲವು ದಿನ ನೀವೇ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ತೋರುತ್ತದೆ, ಕೆಲವು ದಿನ ಹಾಗೆ ತೋರುವುದಿಲ್ಲ. ಎರಡನೆಯ ಸಲ ಉಮ್ಮ ಹೇಳಿದ್ದು ಏನೆಂದು ಯೋಚಿಸುತ್ತಲೇ ಇರುತ್ತೇನೆ. ಇಲ್ಲಿಯ ಪಳ್ಳಿಯ ಉಸ್ತಾದರಲ್ಲಿ ಕೇಳಿದೆ. ಅದು ಕೇಳಬೇಕಾದವನಿಗೆ ಕೇಳಿಸಿರುತ್ತದೆ, ನೀನು ಅದಕ್ಕೆ ಕಿವಿ ಕೊಡಬೇಡ ಎಂದರು. ಹಾಗೆಂದು ಬಿಟ್ಟುಬಿಡಲು ಆಗುವುದಿಲ್ಲ.

ಐಸಮ್ಮನಿಗೆ ಸಲಾಂ ಹೇಳಿ. ಅವರನ್ನು ಏನೆಂದು ಕರೆಯಬೇಕೆಂದು ನನಗೆ ಯಾರೂ ಕಲಿಸಿಲ್ಲ, ಹಾಗಾಗಿ ಬರೀ ಸಲಾಂ.

ಇನ್ನು ನಿಮ್ಮ ವಿಷಯ. ಆ ಗುಡ್ಡೆಯಲ್ಲಿ ನೀವು ಒಬ್ಬರೇ. ನಾಳೆ ನೀವು ಮಲಗಿದರೆ ನಿಮ್ಮ ಹತ್ತಿರ ಕುಳಿತು ನಿಮ್ಮ ಕೀರ್ತನೆ ಓದುವವರು ಪಾದೆಮಾರಿನಲ್ಲಿ ಒಬ್ಬರೂ ಇಲ್ಲ. ಇದು ಇಷ್ಟು ವರ್ಷ ನನ್ನ ತಲೆಗೆ ಹೋಗಿರಲಿಲ್ಲ, ಈಗ ಹೋಗಿದೆ. ಮೂಡುಬಿದಿರೆಯಲ್ಲಿ ನಿಮಗೆ ಅಣ್ಣ ಇದ್ದಾರೆಂದು ಉಮ್ಮ ಹೇಳುತ್ತಿದ್ದಳು. ಅವರ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಐಸಮ್ಮನ ಕೈಯಲ್ಲಿ ಕೊಟ್ಟಿಡಿ. ಅವರಿಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ, ಅಂಥ ದಿನ ಬಂದರೆ ಬಸ್ಸಿನವರ ಕೈಯಲ್ಲಿ ಕೊಟ್ಟು ನಿಮ್ಮ ಅಣ್ಣನನ್ನು ಕರೆಸಿಯಾರು. ಕೊಟ್ಟ ಮೇಲೆ ನನಗೆ ಒಂದು ಸಾಲು ಬರೆಯಿರಿ.

ನಿಮ್ಮ
ರವೂಫ್